ಟ್ರಂಕಿನೊಳಗಿನ ಸೈನ್ಯ

ನಮ್ಮೂರಿನ ಸೈನ್ಯವನ್ನು ಇನ್ನೇನು ಕೊಂದೇಬಿಟ್ಟಿದ್ದವಳು ನಾನು. ಶತ್ರುಗಳು ಯಾರೂ ಅಷ್ಟು ತೊಂದರೆ ತೆಗೆದುಕೊಂಡಿರಲಿಲ್ಲ. ಮೇಲಿನವರು ಮರೆತಿದ್ದರು, ಇಲಿಗಳು ಅಷ್ಟಿಷ್ಟು ತಿಂದಿದ್ದವು. ಆದರೂ ಅದು ಹೇಗೋ ಉಸಿರಾಡಿಕೊಂಡಿತ್ತು. ನಾನು ಹೋಗಿ ಮೆಂಟೆನೆನ್ಸ್ ಮಾಡಿದೆ.

ಸೈನ್ಯವೆಂದರೆ ಶಿಡ್ಲಘಟ್ಟದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನ ಕೆಡೆಟ್ ಟ್ರೂಪ್. ಇಪ್ಪತ್ತೈದು ಹುಡುಗಿಯರು, ಏಳು ಮರದ ಬಂದೂಕು, ಒಂದೇ ಮಗ್ಗುಲಿಗೆ ಬಾರಿಸಬಹುದಾದ ಒಂದು ಡ್ರಮ್, ಸ್ಟೋರ್ ರೂಮಿನಲ್ಲಿ ಒಂದು ಹಸಿರು ಟ್ರಂಕು. ಟ್ರಂಕಿನಲ್ಲಿ ಯೂನಿಫಾರ್ಮು. ಬೂಟು ಹದಿನಾಲ್ಕೇ ಜೊತೆ ಇದ್ದದ್ದರಿಂದ ಮುಂದಿನ ಸಾಲಿನವರಿಗೆ ಬೂಟು, ಹಿಂದಿನ ಸಾಲಿನವರಿಗೆ ಚಪ್ಪಲಿ. ಮಾರ್ಚ್ ಮಾಡಿದರೆ ಮೊದಲು ಧಡ್ ಧಡ್, ಆಮೇಲೆ ಚಟಪಟ.

ಈ ಸೈನ್ಯಕ್ಕೆ ಡ್ರಿಲ್ ಮಾಡಿಸುವವನು ನನ್ನ ತಮ್ಮ. ಹವಾಲ್ದಾರನಾಗಿ ರಿಟೈರ್ ಆದವನು. ಹೆಂಡತಿ ಹೋದ ಮೇಲೆ ನನ್ನ ಮನೆಗೆ ಬಂದ. ನಾನು ಮದುವೆಯಾಗಲಿಲ್ಲ, ಹಾಗಾಗಿ ಮನೆಯಲ್ಲಿ ಜಾಗವಿತ್ತು. ಬೆಳಿಗ್ಗೆ ಆರಕ್ಕೆ ವರಾಂಡದಲ್ಲಿ ಕೂತು ಶೂ ಪಾಲಿಶ್ ಮಾಡುತ್ತಾನೆ, ಶಾಲೆಗೆ ರಜವಿದ್ದರೂ. ಅವನಿಗೆ ಶಾಲೆಯವರು ಏನೂ ಕೊಡುವುದಿಲ್ಲ. ಅದೇ ಶಾಲೆಯಲ್ಲಿ ವಾರಕ್ಕೆರಡು ದಿನ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವ ನನಗೂ ಏನೂ ಕೊಡುವುದಿಲ್ಲ. ಆದರೆ ನನಗೆ ಆ ಎರಡು ದಿನ ತಪ್ಪಿದರೆ ಓದಲು ಪುಸ್ತಕಗಳಿವೆ. ಅವನಿಗೆ ಟ್ರೂಪ್ ತಪ್ಪಿದರೆ ಇರುವುದು ಪಾಲಿಶ್ ಡಬ್ಬಿ ಒಂದೇ. ಇದನ್ನು ಅವನು ಎಂದೂ ಬಾಯಿಬಿಟ್ಟು ಹೇಳಿದವನಲ್ಲ. ಅಕ್ಕಂದಿರಿಗೆ ಇಂಥದ್ದು ಹೇಳಿಸಿಕೊಳ್ಳದೆಯೇ ಗೊತ್ತಾಗುತ್ತದೆ.

ಟ್ರೂಪನ್ನು ಮುಚ್ಚಬೇಕೆಂಬುದು ಹೆಡ್‌ಮಿಸ್ ವಾದ. ಅವರು ಕೆಟ್ಟವರೇನಲ್ಲ. ಬಿಸಿಯೂಟದ ಅಕ್ಕಿ, ಬೇಳೆ ಇಡಲು ಜಾಗವಿಲ್ಲದೆ ಸ್ಟಾಫ್ ರೂಮಿನಲ್ಲಿ ಇಟ್ಟಿದ್ದರು. ಅಟೆಂಡೆನ್ಸ್ ರಿಜಿಸ್ಟರಿನ ಮೇಲೆ ಇಲಿ ಕೂತು ಅವರನ್ನೇ ದಿಟ್ಟಿಸಿದ ದಿನದಿಂದ ಸ್ಟೋರ್ ರೂಮಿನ ಮೇಲೆ ಅವರ ಕಣ್ಣು.

"ಸಾರ್, ಇಷ್ಟು ವರ್ಷದಲ್ಲಿ ನಮ್ಮ ಸ್ಕೂಲ್ ಮೇಲೆ ಯಾರಾದ್ರೂ ದಾಳಿ ಮಾಡಿದಾರಾ?" ಎಂದು ನನ್ನ ತಮ್ಮನನ್ನು ಕೇಳುತ್ತಿದ್ದರು.

"ಇಲ್ಲ ಮೇಡಂ. ಟ್ರೂಪ್ ಇರೋದಕ್ಕೇ ಮಾಡಿಲ್ಲ."

"ಪಕ್ಕದ ಸ್ಕೂಲಲ್ಲಿ ಟ್ರೂಪ್ ಇಲ್ವಲ್ಲ, ಅದರ ಮೇಲೂ ಮಾಡಿಲ್ವಲ್ಲ?"

"ಪಕ್ಕದಲ್ಲಿ ನಾವಿದೀವಿ ಅಂತ ಗೊತ್ತಲ್ಲ ಮೇಡಂ ಅವರಿಗೆ."

ಈ ವಾದ ಮನೆಗೂ ಬರುತ್ತಿತ್ತು. ಒಮ್ಮೆ ಪೇಪರಿನಲ್ಲಿ ಯಾವುದೋ ದೂರದ ಪುಟ್ಟ ದೇಶದ ಸುದ್ದಿ ಓದಿದೆವು. ಅಲ್ಲಿನ ಹಡಗು ತೇಲುವುದಿಲ್ಲ, ವಿಮಾನ ಹಾರುವುದಿಲ್ಲ, ಸೈನಿಕರಿಗೆ ಮೇಲಿನ ಅಂಗಿ ಬಂದರೆ ಪ್ಯಾಂಟು ಬರುವುದಿಲ್ಲ. ಇಂಥ ಸೈನ್ಯ ಇಟ್ಟುಕೊಳ್ಳಬೇಕೇ, ಮುಚ್ಚಬೇಕೇ ಎಂದು ಅಲ್ಲಿನವರು ತಲೆ ಕೆಡಿಸಿಕೊಂಡಿದ್ದರಂತೆ.

"ಮುಚ್ಚಬಾರದು," ಎಂದೆ ನಾನು. "ಇಟ್ ಈಸ್ ಎ ಮ್ಯಾಟರ್ ಆಫ್ ಸೆಲ್ಫ್-ರೆಸ್ಪೆಕ್ಟ್ ಕಣೋ."

"ಪ್ಯಾಂಟಿಲ್ದೆ ಎಂಥ ಸೆಲ್ಫ್-ರೆಸ್ಪೆಕ್ಟ್ ಅಕ್ಕಾ?" ಎಂದ.

ನನ್ನ ಹಟಕ್ಕೆ ಒಂದು ಹಳೆಯ ಕಾರಣವಿತ್ತು. ನಾನು ಚಿಕ್ಕಬಳ್ಳಾಪುರದ ಕಾನ್ವೆಂಟಿನಲ್ಲಿ ಓದುವಾಗ ಅಲ್ಲೂ ಒಂದು ಟ್ರೂಪ್ ಇತ್ತು. ಸೇರಿದೆ, ಟೋಪಿ ಕೊಟ್ಟರು, ಅಟೆನ್ಷನ್ ಕಲಿಸಿದರು, ರೈಟ್ ಟರ್ನ್, ಲೆಫ್ಟ್ ಟರ್ನ್ ಕಲಿಸಿದರು. ಅಬೌಟ್ ಟರ್ನ್ ಮುಂದಿನ ವಾರ ಎಂದರು. ಆ ಮುಂದಿನ ವಾರದೊಳಗೆ ಟ್ರೂಪೇ ನಿಂತುಹೋಯಿತು. ಬಲಕ್ಕೆ ತಿರುಗಬಲ್ಲೆ, ಎಡಕ್ಕೆ ತಿರುಗಬಲ್ಲೆ. ಹಿಂದಕ್ಕೆ ತಿರುಗುವುದನ್ನು ನನಗೆ ಯಾರೂ ಕಲಿಸಲಿಲ್ಲ. ಟೋಪಿಯನ್ನು ವಾಪಸು ಕೇಳಲಿಲ್ಲ, ನಾನೂ ಕೊಡಲಿಲ್ಲ. ನೇವಿ ಬ್ಲೂ ಬಣ್ಣದ ಉಣ್ಣೆಯ ಬೆರೆ ಟೋಪಿ. ಇಂದಿಗೂ ನನ್ನ ಬೀರುವಿನಲ್ಲಿದೆ.

ಹೀಗಿರುವಾಗ ಶಾಲೆಗೆ ಒಂದು ಕಾಗದ ಬಂತು. ಸೋಮವಾರ ಇನ್ಸ್‌ಪೆಕ್ಷನ್. ಪೂರ್ತಿ ಯೂನಿಫಾರ್ಮಿನಲ್ಲಿ ಇಪ್ಪತ್ತೈದು ಜನ ಮೈದಾನದಲ್ಲಿ ನಿಂತಿರಬೇಕು. ಇಲ್ಲವಾದರೆ ಟ್ರೂಪನ್ನು ಚಿಂತಾಮಣಿಯ ಟ್ರೂಪಿನೊಳಗೆ ಸೇರಿಸಿ, ಟ್ರಂಕು, ಬಂದೂಕು, ಡ್ರಮ್ ಎಲ್ಲ ಅಲ್ಲಿಗೆ ಸಾಗಿಸಲಾಗುವುದು.

ಇನ್ನೂ ಎರಡು ವಾರವಿತ್ತು. ತಮ್ಮ ಟ್ರಂಕು ತೆಗೆದ. ಒಳಗಿಂದ ಒಂದು ಜಿರಳೆ ಹೊರಬಂದು, ನಮ್ಮನ್ನು ನೋಡಿ, ಮತ್ತೆ ಒಳಗೆ ಹೋಯಿತು. ಟೋಪಿಗಳಲ್ಲಿ ಸಣ್ಣ ಸಣ್ಣ ತೂತು. ತಮ್ಮನ ಮುಖ ಸಪ್ಪಗಾಯಿತು.

"ಲೀವ್ ಇಟ್ ಟು ಮಿ," ಎಂದೆ.

ಕಾನ್ವೆಂಟಿನಲ್ಲಿ ನಮಗೆ ಕಲಿಸಿದ ಶಿಸ್ತಿನಲ್ಲಿ ಇದೂ ಒಂದು. ಬೇಸಿಗೆ ರಜಕ್ಕೆ ಮುಂಚೆ ಉಣ್ಣೆ ಬಟ್ಟೆಗಳ ಮಡಿಕೆ ಮಡಿಕೆಗೂ ನ್ಯಾಫ್ತಲೀನ್ ಗುಂಡು ಇಡಬೇಕು. ಅಂಗಡಿಗೆ ಹೋಗಿ ಪೊಟ್ಟಣಗಟ್ಟಲೆ ತಂದೆ. ಅಂಗಿಗಳ ಮಧ್ಯೆ, ಟೋಪಿಗಳ ಒಳಗೆ, ಬೆಲ್ಟಿನ ಸುರುಳಿಯಲ್ಲಿ, ಕೊನೆಗೆ ಕೈಯಲ್ಲಿ ಉಳಿದದ್ದನ್ನು ಭತ್ತ ಬಿತ್ತುವ ಹಾಗೆ ಮೇಲಿಂದ ಎರಚಿ, ಮುಚ್ಚಳ ಹಾಕಿ ಬೀಗ ಜಡಿದೆ. ಎರಡು ವಾರ ಅದು ಒಳಗೇ ಬೆಂದಿತು. ಶನಿವಾರ ಟ್ರಂಕು ತೆರೆದಾಗ ನನ್ನ ಕಣ್ಣಲ್ಲಿ ನೀರು ಬಂತು. ತಮ್ಮ ಎದೆ ತುಂಬ ಉಸಿರೆಳೆದುಕೊಂಡ.

"ಆಹಾ! ಡಿಸಿಪ್ಲಿನ್ ವಾಸನೆ ಅಕ್ಕಾ ಇದು."

ಮನೆಗೆ ಒಯ್ದು ಇಸ್ತ್ರಿ ಮಾಡಿಕೊಂಡು ಸೋಮವಾರ ಹಾಕಿಕೊಂಡು ಬನ್ನಿ ಎಂದು ಇಪ್ಪತ್ತೈದು ಜೊತೆಯನ್ನೂ ಹಂಚಿದೆವು.

ಸೋಮವಾರ ಏಳೂವರೆಗೆ ಶಾಲೆಗೆ ಹೋದರೆ ಗೇಟಿನ ಪಕ್ಕದ ಕಾಂಪೌಂಡ್ ಗೋಡೆಯ ಮೇಲೆ ಖಾಕಿ ಬಟ್ಟೆಯ ಗಂಟುಗಳು ಸಾಲಾಗಿ ಕೂತಿದ್ದವು. ಸೋತ ಸೈನ್ಯ ಆಯುಧ ಕೆಳಗಿಟ್ಟು ಹೋದ ಹಾಗೆ. ಎಣಿಸಿದೆ, ಇಪ್ಪತ್ತೊಂದು. ಮೈದಾನದಲ್ಲಿ ನಾಲ್ಕೇ ನಾಲ್ಕು ಹುಡುಗಿಯರು ನಿಂತಿದ್ದರು. ಒಬ್ಬಳು ಕ್ಲಾರ್ಕರ ಮಗಳು, ಇಬ್ಬರು ಮೇಷ್ಟರ ಮಕ್ಕಳು, ಒಬ್ಬಳ ಮನೆಯಲ್ಲಿ ಬೇಕರಿ.

"ಉಳಿದೋರು ಎಲ್ರಮ್ಮಾ?" ತಮ್ಮ ಕೇಳಿದ.

"ಬರಲ್ವಂತೆ ಸಾರ್. ಅವರ ಮನೇಲೆಲ್ಲ ಹುಳು ನಾಲ್ಕನೇ ಜ್ವರ ಎದ್ದಿದೆ ಸಾರ್."

ಹೊರಗಿನವರಿಗೆ ಒಂದು ಮಾತು ಹೇಳಬೇಕು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ತಿನ್ನುವುದು ಬಿಟ್ಟು, ತಲೆಯೆತ್ತಿ ಸುಮ್ಮನೆ ಕೂತು ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಮೇಲೆ ಅದರ ಹಸಿವು ರಾಕ್ಷಸ ಹಸಿವು. ಇಡೀ ಮನೆ ಸೊಪ್ಪು ಕೊಯ್ದು ಕೊಯ್ದು ಹಾಕುತ್ತಿರಬೇಕು. ಶಾಲೆಗೆ ಬರುವ ರಜಾ ಅರ್ಜಿಯಲ್ಲಿ 'ನಮ್ಮ ಹುಳು ಜ್ವರ ಎದ್ದಿರುವುದರಿಂದ' ಎಂದಿದ್ದರೆ ಹೆಡ್‌ಮಿಸ್ ಓದದೆಯೇ ಸಹಿ ಮಾಡುತ್ತಾರೆ. ಆದರೆ ಕೆಲಸವಿದ್ದರೆ ಹುಡುಗಿಯರು ಬಾರದೆ ಇರಬಹುದು, ಬಟ್ಟೆಯನ್ನು ಗೋಡೆಯ ಮೇಲೆ ಇಟ್ಟುಹೋಗುವುದೇಕೆ? ಒಂದು ಗಂಟು ಎತ್ತಿಕೊಂಡೆ. ವಾಸನೆ ಮೂಗಿಗೆ ಬಡಿಯಿತು. ಆಗ ತಲೆಗೆ ಹೊಳೆಯಿತು. ಮೈ ಗಾಡ್!

ಬೀಡಿ ಸೇದಿ ಬಂದವನನ್ನು ಹುಳುಮನೆಯ ಹತ್ತಿರ ಬಿಡುವುದಿಲ್ಲ. ಸೆಂಟು, ಪೌಡರು, ಸೊಳ್ಳೆಬತ್ತಿ, ಏನೂ ಕೂಡದು. ಘಾಟು ತಗುಲಿದರೆ ಹುಳು ಸೊಪ್ಪು ಬಿಡುತ್ತದೆ, ವಾಂತಿ ಮಾಡುತ್ತದೆ, ಸಾಯುತ್ತದೆ. ಶಿಡ್ಲಘಟ್ಟದಲ್ಲಿ ಮೂರು ವರ್ಷದ ಮಗುವಿಗೂ ಇದು ಗೊತ್ತು. ರೇಷ್ಮೆ ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಇಷ್ಟು ಕಾಲ ಬಾಳಿದ ನನಗೂ ಗೊತ್ತು. ಆದರೆ ಟ್ರಂಕಿನ ಮುಂದೆ ಕೂತಾಗ ನಾನು ಶಿಡ್ಲಘಟ್ಟದವಳಾಗಿರಲಿಲ್ಲ, ಕಾನ್ವೆಂಟಿನವಳಾಗಿದ್ದೆ. ಇಪ್ಪತ್ತೊಂದು ಹುಳುಮನೆಗಳಿಗೆ ಒಂದೊಂದು ವಿಷದ ಗಂಟು ಕಳಿಸಿಕೊಟ್ಟಿದ್ದೆ.

ತಮ್ಮನಿಗೆ ಹೇಳಲು ಬಾಯಿ ಬರುವಷ್ಟರಲ್ಲಿ ಜೀಪು ಬಂದೇಬಿಟ್ಟಿತು. ಗೌರಿಬಿದನೂರು ಕಡೆಯ ಆಫೀಸರು, ಇನ್ನೂ ಚಿಕ್ಕ ವಯಸ್ಸು. ನಾಲ್ಕು ಹುಡುಗಿಯರ ಮುಂದೆ ನಿಂತರು.

"ಇದು ಟ್ರೂಪಾ ಸಾರ್, ಇಲ್ಲ ಶೇರ್ ಆಟೋನಾ?"

ತಮ್ಮ ಅಟೆನ್ಷನ್‌ನಲ್ಲೇ ನಿಂತಿದ್ದ. ಅವನ ಶೂ ಎಷ್ಟು ಹೊಳೆಯುತ್ತಿತ್ತೆಂದರೆ ನನಗೆ ನೋಡಲಾಗಲಿಲ್ಲ.

ಹೆಡ್‌ಮಿಸ್ ಸಮಯ ನೋಡಿ ಮಾತು ಹಾಕಿದರು. "ನಾನು ಹೇಳ್ತಾನೇ ಇದೀನಿ ಸಾರ್. ನೋಡ್ಕೊಳ್ಳೋಕೆ ಆಗದ್ದನ್ನ ಇಟ್ಕೊಂಡು ಏನ್ ಮಾಡೋದು? ಚಿಂತಾಮಣಿಗೆ ಕಳಿಸ್ಬಿಡಿ. ಬೇಕಾದ್ರೆ ಟ್ರಂಕು ಈಗ್ಲೇ ಜೀಪಿಗೆ ಹಾಕಿಸ್ತೀನಿ."

ಆಫೀಸರು ಪೆನ್ನು ತೆಗೆದರು. ಇನ್ನು ಸುಮ್ಮನಿದ್ದರೆ ಆಗದು ಎಂದು ನಾನು ಮುಂದೆ ಹೋದೆ. "ಇಟ್ ಈಸ್ ಮೈ ಫಾಲ್ಟ್," ಎಂದು ಶುರುಮಾಡಿ ಎಲ್ಲವನ್ನೂ ಹೇಳಿದೆ, ಗುಂಡು, ಟ್ರಂಕು, ಹುಳು. ಅವರು ಪೆನ್ನು ಹಿಡಿದುಕೊಂಡೇ ಕೇಳಿದರು.

"ನಮ್ಮ ಕಡೆ ಮುಸುಕಿನ ಜೋಳ ಮೇಡಂ. ಜೋಳಕ್ಕೆ ಮೂಗಿರಲ್ಲ," ಎಂದರು. "ಹುಳುಗೆ ವಾಸನೆ ಅಂತ ಸೈನ್ಯ ರಜ ಹಾಕ್ತು ಅಂದ್ರೆ ಮೇಲೆ ಕೂತೋರು ನನ್ನ ನಂಬ್ತಾರಾ?"

"ನಂಬೋದು ಬೇಡ, ಬಂದು ನೋಡಿ. ಲೀಡರ್ ಹುಡುಗಿ ಊರು ಇಲ್ಲೇ ಚಿಂತಾಮಣಿ ರೋಡಲ್ಲಿ."

ಟ್ರೂಪಿನ ಲೀಡರ್ ಹುಡುಗಿಯ ಮನೆಗೆ ಹೋದೆವು. ಜೀಪಿನಲ್ಲಿ ತಮ್ಮ ನನ್ನ ಪಕ್ಕ ಕೂತು ಒಂದೇ ಮಾತು ಆಡಿದ.

"ಎಷ್ಟು ಪೊಟ್ಟಣ ಹಾಕಿದ್ದೆ ಅಕ್ಕಾ?"

"ಹನ್ನೆರಡು ಕಣೋ."

ಮುಂದೆ ಊರು ಬರುವವರೆಗೂ ಅವನು ಹಿಪ್ಪುನೇರಳೆ ತೋಟಗಳನ್ನು ನೋಡುತ್ತ ಕೂತ.

ಹುಳುಮನೆಯ ಬಾಗಿಲಲ್ಲಿ ಹುಡುಗಿಯ ಅಜ್ಜಿ ನಿಂತಿದ್ದರು. ನನ್ನಷ್ಟೇ ವಯಸ್ಸು, ನನ್ನ ಅರ್ಧ ಗಾತ್ರ. ಆಫೀಸರು ಜೀಪಿಂದಿಳಿದು ನಾಲ್ಕು ಹೆಜ್ಜೆ ಇಟ್ಟದ್ದೇ ತಡ, ಕೈಯೆತ್ತಿದರು.

"ಅಲ್ಲೇ ನಿಂತ್ಕೊಳಪ್ಪಾ! ಮುಖಕ್ಕೆ ಏನ್ ಬಳ್ಕೊಂಡಿದೀಯಾ?"

"ಆಫ್ಟರ್ ಶೇವ್ ಅಮ್ಮಾ."

"ಯಾವ ಸೇವೋ. ಆ ಬೇವಿನ ಮರದಾಚೆಗೆ ಹೋಗಿ ನಿಂತ್ಕೋ. ಗಾಳಿ ಈ ಕಡೆ ಬೀಸ್ತೈತೆ."

ಇಲಾಖೆಯ ಆಫೀಸರು ಬೇವಿನ ಮರದಾಚೆಗೆ ಹೋಗಿ ನಿಂತರು. ಆಮೇಲೆ ಅಜ್ಜಿಯ ಕಣ್ಣು ನನ್ನ ಮೇಲೆ ಬಿತ್ತು.

"ಟೀಚರಮ್ಮ ನೀವೇನಾ ಆ ಬಿಳೀ ಗುಳಿಗೆ ಇಟ್ಟೋರು?"

"ನಾನೇ. ತಪ್ಪಾಯ್ತು."

"ಒಂದು ತಟ್ಟೆ ಹುಳ ಕಕ್ಕೊಂಡು ಸತ್ವು. ಓದಿದೋರು! ನಮ್ಮಂಥೋರು ಮಾಡಿದ್ರೆ ಅಯ್ಯೋ ತಿಳೀದೆ ಮಾಡಿದ್ರು ಅನ್ನಬೋದು."

ನನ್ನ ಇಂಗ್ಲಿಷ್, ಕನ್ನಡ ಎರಡೂ ಒಟ್ಟಿಗೆ ಕೈಕೊಟ್ಟವು. ಒಳಗಿಂದ ಹುಳುಗಳು ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು. ಪರೀಕ್ಷೆಯ ಹಾಲಿನಲ್ಲಿ ನೂರು ಮಕ್ಕಳು ಒಟ್ಟಿಗೆ ಪುಟ ತಿರುಗಿಸಿದ ಹಾಗೆ. ಸತ್ತ ಒಂದು ತಟ್ಟೆಯ ಪುಟಗಳು ಅದರಲ್ಲಿ ಇರಲಿಲ್ಲ.

ಅಷ್ಟರಲ್ಲಿ ಹಿಂದಿನ ತೋಟದ ಕಡೆಯಿಂದ "ಏಕ್, ದೋ, ಏಕ್!" ಎಂದು ಕೇಳಿಸಿತು. ತಮ್ಮನ ತಲೆ ತಾನಾಗಿ ಆ ಕಡೆ ತಿರುಗಿತು.

ಬದುವಿನ ಮೇಲೆ ಹದಿಮೂರು ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದರು. ತಲೆಯ ಮೇಲೆ ಸೊಪ್ಪಿನ ಹೊರೆ, ಮೈಮೇಲೆ ಅಣ್ಣಂದಿರ ಹಳೇ ಶರ್ಟು. ಸೊಪ್ಪು ಕೊಯ್ಯುವ ಕಾಲದಲ್ಲಿ ಇಲ್ಲಿ ಮುಯ್ಯಾಳು ಪದ್ಧತಿ ಇದೆ. ಇವತ್ತು ನಮ್ಮ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾವು. ಲೀಡರ್ ಹುಡುಗಿ ಮುಯ್ಯಾಳಿಗೆ ತನ್ನ ಟ್ರೂಪನ್ನೇ ಕರೆದುಕೊಂಡಿದ್ದಳು. ಸಾಲುಗಳನ್ನು ನಂಬರಿನ ಪ್ರಕಾರ ಹಂಚಿದ್ದಳು. ನಮ್ಮನ್ನು ಕಂಡವಳೇ ಗಾಬರಿಯಲ್ಲಿ ಕೂಗಿದಳು: "ಟ್ರೂಪ್, ಸಾವಧಾನ್! ಸೆಲ್ಯೂಟ್!"

ಹದಿಮೂರು ಬಲಗೈಗಳು ಹೊರೆ ಬಿಟ್ಟು ಹಣೆಗೆ ಹೋದವು. ಎಂಟು ಹೊರೆಗಳು ನೆಲಕ್ಕೆ ಹೋದವು.

"ನಿನ್ ಸೆಲೂಟ್ ಮನೆ ಹಾಳಾಗ!" ಅಜ್ಜಿ ಕಿರುಚಿದರು. "ಸೊಪ್ಪಿಗೆ ಮಣ್ಣಾಗ್ತೈತೆ! ಎತ್ರೇ! ಆಮೇಲೆ ಮಾಡ್ಕೊಳ್ಳಿ!"

ಬೇವಿನ ಮರದಾಚೆ ಆಫೀಸರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದರು. ಆಫ್ಟರ್ ಶೇವ್ ಘಾಟು ತಡೆಯಲಿಕ್ಕಲ್ಲ ಎಂದು ಅವರ ಭುಜಗಳಿಂದ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದಲೇ ಕೂಗಿ ಕೇಳಿದರು.

"ಅಮ್ಮಾ, ನೀವೇ ಹೇಳಿ. ಬೂಟಿಲ್ಲ, ಬಟ್ಟೆ ಹರಿದಿದೆ, ಡ್ರಮ್ ತೂತು. ಇಂಥ ಟ್ರೂಪ್ ಇಟ್ಕೋಬೇಕಾ, ಮುಚ್ಚಬೇಕಾ?"

ಅಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ಚೂಡಪ್ಪಾ, ನೋಡು. ಹುಳ ಇಷ್ಟು ದಿನದಿಂದ ಬರೀ ತಿಂತೈತೆ. ನಂಗೇನ್ ಕೊಟ್ಟೈತೆ? ಏನೂ ಇಲ್ಲ. ಗೂಡು ಕಟ್ಟೋಗಂಟ ಏನೂ ಕೊಡಲ್ಲ. ಹಂಗಂತ ಈಗ ಸೊಪ್ಪು ನಿಲ್ಸಕ್ಕಾಯ್ತದಾ? ಸಾಕ್ತೀನಿ ಅಂದ್ಮೇಲೆ ಹೊಟ್ಟೆ ತುಂಬ ಹಾಕ್ಬೇಕು. ಹಾಕಕ್ಕಾಗಲ್ಲ ಅಂದ್ರೆ ಮೊಟ್ಟೇನೇ ತರಬಾರ್ದು. ಅರ್ಧ ಹೊಟ್ಟೆಗೆ ಹಾಕ್ಬಿಟ್ಟು ಯಾಕೆ ಗೂಡು ಸಣ್ಣಕೈತೆ ಅಂತ ಹುಳಾನ ಬೈದ್ರೆ, ಅದಕ್ಕಿಂತ ಪಾಪ ಇಲ್ಲ ಕಣಪ್ಪ. ಬೂಟ್ ಕೊಡೋರು ಯಾರು? ನೀನೇ ಅಲ್ವಾ?"

"ನಾನಲ್ಲಮ್ಮಾ, ಮೇಲಿನೋರು."

"ಹಂಗಾದ್ರೆ ಮೇಲಿನೋರ್ನ ಮುಚ್ಚು ಹೋಗು!"

ತಮ್ಮ ಆ ದಿನ ಮೊದಲ ಸಲ ನಕ್ಕ.

ನಾನೂ ಪೇಪರಿನ ಆ ಪುಟ್ಟ ದೇಶವನ್ನು ನೆನೆದುಕೊಂಡೆ. ಇರಬೇಕೇ ಬೇಡವೇ ಎಂದು ನಾವು ಅಕ್ಕ ತಮ್ಮ ತಿಂಗಳುಗಟ್ಟಲೆ ಕಾಫಿ ಆರಲು ಬಿಟ್ಟು ವಾದ ಮಾಡಿದ್ದೆವು. ಇಟ್ಟುಕೊಂಡು ಮರೆತುಬಿಡುವುದೇ ಮೂರನೆಯ ದಾರಿ, ಎಲ್ಲರೂ ಹಿಡಿಯುವುದು ಅದನ್ನೇ, ಅದೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ನಮಗೆ ಹೊಳೆದಿರಲಿಲ್ಲ.

ಆಫೀಸರು ಜೀಪಿನ ಬಾನೆಟ್ ಮೇಲೆ ಕಾಗದವಿಟ್ಟು ಬರೆದರು. ಗೂಡು ಮಾರುಕಟ್ಟೆಗೆ ಹೋದ ಮೇಲಿನ ಮೊದಲ ಸೋಮವಾರ ಮತ್ತೆ ಇನ್ಸ್‌ಪೆಕ್ಷನ್. ಇಪ್ಪತ್ತೈದು ಅಂದರೆ ಇಪ್ಪತ್ತೈದು, ಇನ್ನು ಕಾರಣ ಕೇಳುವುದಿಲ್ಲ. ಬೂಟಿನ ವಿಷಯ ಮೇಲಕ್ಕೆ ಬರೆಯುತ್ತೇನೆ ಎಂದರು. ಹುಳುವಿನ ವಿಷಯ ಬರೆಯುವುದಿಲ್ಲ ಎಂದರು.

ಮುಂದಿನ ದಿನಗಳಲ್ಲಿ ನಮ್ಮ ಮನೆಯ ಟೆರೇಸು ಧೋಬಿಘಾಟ್ ಆಯಿತು. ನೆನೆಸುವುದು, ಒಗೆಯುವುದು, ಬಿಸಿಲಿಗೆ ಹಾಕುವುದು, ಮತ್ತೆ ನೆನೆಸುವುದು. ತಮ್ಮ ತಂತಿಯ ಉದ್ದಕ್ಕೂ ಓಡಾಡಿ ಒಂದೊಂದು ತೋಳನ್ನೂ ಹಿಡಿದು ಮೂಸುತ್ತಿದ್ದ. ಪಕ್ಕದ ಮನೆಯವರು ತಮ್ಮ ಮಕ್ಕಳನ್ನು ಒಳಗೆ ಕರೆದುಕೊಂಡರು. ಅವನ ಮೂಗು ಸಾಲದು ಎಂದು ಕೊನೆಗೆ ಅಜ್ಜಿಯನ್ನೇ ಕರೆಸಿದೆವು. ಆಕೆ ಕುರ್ಚಿಯಲ್ಲಿ ಕೂತು, ಇಪ್ಪತ್ತೈದು ಜೊತೆಯನ್ನೂ ಒಂದೊಂದಾಗಿ ಮೂಗಿಗೆ ಹಿಡಿದು, "ಆಯ್ತು", "ಆಯ್ತು", "ಇನ್ನೊಂದು ಬಿಸಿಲು" ಎಂದು ವಿಂಗಡಿಸಿದರು. ನಿಜವಾದ ಇನ್ಸ್‌ಪೆಕ್ಷನ್ ಎಂದರೆ ಅದು.

ಆ ರಾಶಿಯಲ್ಲಿ ನನ್ನ ಹಳೆಯ ನೇವಿ ಬ್ಲೂ ಟೋಪಿಯನ್ನೂ ಸೇರಿಸಿಟ್ಟಿದ್ದೆ. ತೂತು ಬಿದ್ದ ಯಾವುದಾದರೂ ಟೋಪಿಗೆ ಬದಲಾಗಲಿ ಎಂದು. ಅಜ್ಜಿ ಅದನ್ನು ಮೂಗಿನವರೆಗೂ ಒಯ್ಯಲಿಲ್ಲ.

"ಇದ್ಯಾರ್ದಮ್ಮಾ?"

"ನಂದು. ಸ್ಕೂಲಲ್ಲಿದ್ದಾಗಿಂದು."

"ಆವಾಗಿಂದಾನೂ ಗುಳಿಗೆ ಇಟ್ಟಿದೀರಾ?" ಎಂದು ಅದನ್ನು ಎರಡೇ ಬೆರಳಲ್ಲಿ ಹಿಡಿದು ನನ್ನ ಮಡಿಲಿಗೆ ಹಾಕಿದರು. "ಇದು ಯಾವ ಹುಳದ ಮನೇಗೂ ಹೋಗಂಗಿಲ್ಲ. ನೀವೇ ಇಟ್ಕೊಳ್ಳಿ." ಹೋಗುವಾಗ ಒಂದು ಲೋಟ ಕಾಫಿ ಕುಡಿದು, ಸತ್ತ ತಟ್ಟೆಯ ಮಾತು ಎತ್ತದೆ ಹೋದರು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಗೂಡು ಮಾರುಕಟ್ಟೆಗೆ ಹೋಯಿತು. ಸೋಮವಾರ ಬಂತು. ಖಾಕಿ ಗರಿಗರಿ, ಯಾವ ವಾಸನೆಯೂ ಇಲ್ಲ. ತಮ್ಮ ಎಣಿಸಿದ. ಮತ್ತೊಮ್ಮೆ ಎಣಿಸಿದ. ಇಪ್ಪತ್ತನಾಲ್ಕು.

"ಸಾರ್, ಒಬ್ಬಳು ಮಂಚೇನಹಳ್ಳಿಗೆ ಅವರ ಅತ್ತಿಗೆ ಸೀಮಂತಕ್ಕೆ ಹೋಗವ್ಳೆ ಸಾರ್," ಎಂದಳು ಲೀಡರ್ ಹುಡುಗಿ.

ಗೇಟಿನ ಹೊರಗೆ ಜೀಪಿನ ಸದ್ದು. ತಮ್ಮ ನನ್ನ ಕಡೆ ನೋಡಿದ. ಅವನು ಏನೂ ಕೇಳಲಿಲ್ಲ. ಕೇಳಿದ್ದರೆ ನಾನು ನೂರು ಕಾರಣ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆನೋ ಏನೋ. ಹ್ಯಾಂಡ್‌ಬ್ಯಾಗಿನಿಂದ, ಅಜ್ಜಿ ವಾಪಸು ಕೊಟ್ಟಂದಿನಿಂದ ಅಲ್ಲೇ ಇದ್ದ ನನ್ನ ಟೋಪಿ ತೆಗೆದೆ. ನನ್ನ ಮನೆಯಲ್ಲಿ ಹುಳುವಿಲ್ಲ; ಆ ವಾಸನೆಯ ಟೋಪಿ ಹಾಕಿಕೊಳ್ಳುವ ಅರ್ಹತೆ ಇಡೀ ಶಿಡ್ಲಘಟ್ಟದಲ್ಲಿ ನನಗೊಬ್ಬಳಿಗೇ ಇತ್ತು. ಬಿಳಿ ಕೂದಲ ಮೇಲೆ ಅದನ್ನು ಓರೆಯಾಗಿ ಕೂರಿಸಿ, ಸೆರಗು ಸಿಕ್ಕಿಸಿ, ಕೊನೆಯ ಸಾಲಿನ ಕೊನೆಗೆ ಹೋಗಿ ಚಪ್ಪಲಿಯವರ ಜೊತೆ ನಿಂತೆ. ಪಕ್ಕದ ಹುಡುಗಿ ಸೀನಿದಳು.

ಆಫೀಸರು ಸಾಲು ಸಾಲಾಗಿ ಎಣಿಸುತ್ತ ಬಂದರು. ಇಪ್ಪತ್ತಮೂರು, ಇಪ್ಪತ್ತನಾಲ್ಕು. ಒಂದು ಕೈಮಗ್ಗದ ಸೀರೆಯ ಮುಂದೆ ನಿಂತರು.

"ಮೇಡಂ, ನೀವು?"

"ರಿಸರ್ವ್ ಫೋರ್ಸ್, ಸಾರ್."

ಬಹಳ ಹೊತ್ತು ನನ್ನ ಟೋಪಿಯನ್ನು ನೋಡಿದರು. ಆಮೇಲೆ ಮುಂದಕ್ಕೆ ಹೋಗಿ, ಡ್ರಿಲ್ ನಡೆಯಲಿ ಎಂದು ತಮ್ಮನಿಗೆ ಸನ್ನೆ ಮಾಡಿದರು. ತಮ್ಮನ ದನಿ ಮೈದಾನದ ಆಚೆಯವರೆಗೂ ಹೋಯಿತು. ಬಲಕ್ಕೆ ತಿರುಗು ಎಂದ, ತಿರುಗಿದೆ. ಎಡಕ್ಕೆ ತಿರುಗು ಎಂದ, ತಿರುಗಿದೆ. ಪಕ್ಕದವಳಿಗಿಂತ ಚೆನ್ನಾಗಿಯೇ ತಿರುಗಿದೆ ಎಂದು ಈಗಲೂ ಹೇಳುತ್ತೇನೆ. ಆಮೇಲೆ ಅವನು ಮೈಮರೆತು ಕೂಗಿಬಿಟ್ಟ.

"ಪೀಛೇ... ಮುಡ್!"

ಧಡ್. ಚಟಪಟ. ಇಡೀ ಸೈನ್ಯ ಹಿಂದಕ್ಕೆ ತಿರುಗಿತು. ನಾನು ಇದ್ದ ಹಾಗೇ ಇದ್ದೆ. ಇಪ್ಪತ್ತನಾಲ್ಕು ಬೆನ್ನುಗಳು ಆಫೀಸರ ಕಡೆ, ನನ್ನೊಬ್ಬಳ ಮುಖ. ಮುಂದಿನ ಸಾಲಿನ ಲೀಡರ್ ಹುಡುಗಿಯ ಮೂಗು ನನ್ನ ಮೂಗಿಗೆ ಮುಟ್ಟುವಷ್ಟು ಹತ್ತಿರವಿತ್ತು. ಅವಳ ಕೆನ್ನೆ ಉಬ್ಬಿ ಕೆಂಪಾಗಿತ್ತು.

"ಮಿಸ್," ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು, "ಬಲ ಹಿಮ್ಮಡಿ, ಎಡ ಮುಂಗಾಲು. ಅಷ್ಟೇ ಮಿಸ್. ಬೀಳಲ್ಲ, ನಾನು ಹಿಡ್ಕೊತೀನಿ."

ಆಫೀಸರು ಕಾಯುತ್ತಿದ್ದರು, ಪೆನ್ನು ಕೈಯಲ್ಲಿ. ತಮ್ಮ ಉಸಿರು ಬಿಗಿಹಿಡಿದಿದ್ದ. ಹೆಡ್‌ಮಿಸ್ ಸ್ಟೋರ್ ರೂಮಿನ ಬೀಗದ ಕೈ ಹಿಡಿದುಕೊಂಡೇ ನಿಂತಿದ್ದರು. ನಾನು ಬಲ ಹಿಮ್ಮಡಿಯ ಮೇಲೆ ಭಾರ ಹಾಕಿದೆ. ಮಂಡಿ ಚಿಟಕ್ಕೆಂದಿತು. ಲೋಕ ನಿಧಾನವಾಗಿ ಸುತ್ತಿತು, ಬೇಕರಿಯವರ ಹುಡುಗಿ, ಧ್ವಜದ ಕಂಬ, ಕಾಂಪೌಂಡ್ ಗೋಡೆ. ಆ ಗೋಡೆಯ ಮೇಲೆ ಈ ಸಲ ಒಂದು ಗಂಟೂ ಇರಲಿಲ್ಲ.

ಬೆನ್ನ ಹಿಂದೆ ಆಫೀಸರ ದನಿ ಕೇಳಿಸಿತು.

"ಇಪ್ಪತ್ತೈದು. ಪ್ರೆಸೆಂಟ್."